ಫೋನ್ ಬಿಟ್ಟು ಬರೀ ವಾಚ್ ಕಟ್ಟಿಕೊಂಡು ಹೊರಟರೆ: ಹಾಡು, ಫೋಟೊ, ಫಿಟ್‌ನೆಸ್ ಟಿಪ್ಪಣಿ

ಸ್ಮಾರ್ಟ್‌ವಾಚಿನ ಡಬ್ಬದ ಮೇಲೆ ಎಲ್ಲಾ ಬರೆದಿರುತ್ತದೆ. ಮ್ಯೂಸಿಕ್ ಇದೆ, ಕ್ಯಾಮೆರಾ ಇದೆ, ಜಿಪಿಎಸ್ ಇದೆ, ಕಾಲಿಂಗ್ ಇದೆ. ಆದರೆ ಫೋನ್ ಪಕ್ಕದಲ್ಲಿಲ್ಲದಾಗ ಇದರಲ್ಲಿ ಯಾವುದು ನಡೆಯುತ್ತದೆ, ಯಾವುದು ಕೈ ಕೊಡುತ್ತದೆ ಅಂತ ಮಾತ್ರ ಬರೆದಿರುವುದಿಲ್ಲ. ಈ ಟಿಪ್ಪಣಿ ಅಷ್ಟಕ್ಕೇ.

ಒಂದೇ ಪ್ರಶ್ನೆ ನೆನಪಿಟ್ಟುಕೊಂಡರೆ ಸಾಕು. ಈ ಕೆಲಸ ನಿಜವಾಗಿ ನಡೆಯುತ್ತಿರುವುದು ಎಲ್ಲಿ? ವಾಚಿನೊಳಗಾ, ಫೋನಿನಲ್ಲಾ, ಇಂಟರ್ನೆಟ್‌ನಲ್ಲಾ? ವಾಚಿನೊಳಗೇ ಆದರೆ ಫೋನ್ ಬೇಡ. ಫೋನಿನಲ್ಲಾದರೆ ನಿಮ್ಮ ವಾಚು ಬರೀ ರಿಮೋಟು. ಇಂಟರ್ನೆಟ್‌ನಲ್ಲಾದರೆ ವಾಚಿಗೆ ಸ್ವಂತ ವೈಫೈ ಅಥವಾ ಸಿಮ್ ಸಂಪರ್ಕ ಬೇಕು.

ಉದಾಹರಣೆಗೆ "ಬ್ಲೂಟೂತ್ ಕಾಲಿಂಗ್" ತಗೊಳ್ಳಿ. ಕಡಿಮೆ ಬೆಲೆಯ ಎಷ್ಟೋ ವಾಚುಗಳಲ್ಲಿ ಇದು ಇರುತ್ತದೆ. ವಾಚಿನಲ್ಲೇ ಮಾತಾಡಬಹುದು, ನಿಜ. ಆದರೆ ಕರೆ ಹೋಗುವುದು ಫೋನಿನ ಸಿಮ್‌ನಿಂದ, ವಾಚು ಅದಕ್ಕೆ ಮೈಕು ಮತ್ತು ಸ್ಪೀಕರ್ ಅಷ್ಟೇ. ಫೋನಿನಿಂದ ಹತ್ತಿಪ್ಪತ್ತು ಮೀಟರ್ ದೂರ ಹೋದರೆ ಮುಗೀತು. ವಾಚೇ ಕರೆ ಮಾಡಬೇಕು ಅಂದರೆ ಅದರಲ್ಲಿ ಎಲ್‌ಟಿಇ, ಅಂದರೆ ಸ್ವಂತ 4ಜಿ ಮೊಬೈಲ್ ಸಂಪರ್ಕ ಇರಬೇಕು, ಹೆಚ್ಚಾಗಿ ಇಸಿಮ್ (ಸಾಧನದೊಳಗೇ ಇರುವ ಸಿಮ್) ಹಾಕಿ ಕೊಡುತ್ತಾರೆ. ಆಪಲ್ ವಾಚಿನಲ್ಲಿ ಇದು ಬಂದದ್ದು 2017ರಲ್ಲಿ, ಸೀರೀಸ್ 3 ಜೊತೆ. ಇಲ್ಲೂ ಒಂದು ಕೊಕ್ಕೆ ಇದೆ: ಫೋನಿನ ನಂಬರೇ ವಾಚಿಗೂ ಬೇಕು ಅಂದರೆ ಸಾಮಾನ್ಯವಾಗಿ ಎರಡಕ್ಕೂ ಒಂದೇ ಮೊಬೈಲ್ ಕಂಪನಿಯ ಸಂಪರ್ಕ ಇರಬೇಕು, ವಾಚಿಗೆ ಬೇರೆ ಪ್ಲಾನ್ ಕೂಡ ಕೇಳಬಹುದು.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಫೋನ್ ಇಲ್ಲದೆ ಬಳಸುವುದು ಬೇರೆ, ಫೋನ್ ಇಲ್ಲದೆ ಶುರು ಮಾಡುವುದು ಬೇರೆ. ಆಪಲ್ ವಾಚನ್ನು ಸೆಟಪ್ ಮಾಡಲು ಐಫೋನ್ ಬೇಕೇ ಬೇಕು. 2020ರಿಂದ ಮನೆಯ ಇನ್ನೊಬ್ಬರ ಐಫೋನಿನಿಂದಲೂ ಮಾಡಬಹುದು, ಆದರೆ ಕೆಲವು ಫೀಚರ್ ಸಿಗುವುದಿಲ್ಲ. ಗೂಗಲ್‌ನ ವಾಚ್ ಸಿಸ್ಟಮ್ ಆದ ವೇರ್ ಓಎಸ್ ಇರುವ ವಾಚುಗಳಿಗೆ ಈಗ ಬಹುಪಾಲು ಆಂಡ್ರಾಯ್ಡ್ ಫೋನೇ ಬೇಕು. ಗಾರ್ಮಿನ್ ತರದ ಓಟದ ವಾಚುಗಳನ್ನು ಮಾತ್ರ ಕಂಪ್ಯೂಟರಿಗೆ ಕೇಬಲ್ ಹಾಕಿಯೂ ನಡೆಸಬಹುದು, ಫೋನೇ ಬೇಡ ಅನ್ನುವವರಿಗೆ ನನ್ನ ಪ್ರಕಾರ ಇದು ಒಳ್ಳೆಯ ದಾರಿ.

ಹಾಡು

ಎಲ್ಲರೂ ಎಡವುವುದು ಇಲ್ಲೇ. ವಾಚಿನಲ್ಲಿ ಹಾಡಿನ ಹೆಸರು ಕಾಣುತ್ತದೆ, ಪ್ಲೇ ಬಟನ್ ಇದೆ, ಒತ್ತಿದರೆ ಹಾಡು ಬರುತ್ತದೆ, ಹಾಗಾಗಿ ಹಾಡು ವಾಚಿನಲ್ಲೇ ಇದೆ ಅಂದುಕೊಳ್ಳುತ್ತೇವೆ. ಬಹಳ ಸಲ ಅದು ಫೋನಿನಲ್ಲಿ ಓಡುತ್ತಿರುವ ಹಾಡಿನ ರಿಮೋಟು ಅಷ್ಟೇ. "ಮ್ಯೂಸಿಕ್ ಕಂಟ್ರೋಲ್" ಅಂತ ಬರೆದಿದ್ದರೆ ಹೆಚ್ಚಾಗಿ ಇದೇ ಅರ್ಥ. ನಿಮಗೆ ಬೇಕಾದದ್ದು ಮ್ಯೂಸಿಕ್ ಸ್ಟೋರೇಜ್. ಹಾಡನ್ನು ಇಟ್ಟುಕೊಳ್ಳಲು ವಾಚಿಗೆ ಸ್ವಂತ ಮೆಮೊರಿ ಬೇಕು, ಮತ್ತು ಇಯರ್‌ಬಡ್ ನೇರವಾಗಿ ವಾಚಿಗೇ ಪೇರ್ ಆಗಬೇಕು. ಈ ಎರಡರಲ್ಲಿ ಒಂದು ಇಲ್ಲದಿದ್ದರೂ ಫೋನ್ ಇಲ್ಲದೆ ಹಾಡಿಲ್ಲ.

ಮೆಮೊರಿ ಲೆಕ್ಕ ಸುಲಭ. 128 ಕೆಬಿಪಿಎಸ್ (ಸೆಕೆಂಡಿಗೆ ಎಷ್ಟು ಕಿಲೋಬಿಟ್ ಅನ್ನುವ ಲೆಕ್ಕ, ಹೆಚ್ಚಿದ್ದಷ್ಟೂ ಗುಣಮಟ್ಟ ಹೆಚ್ಚು) ಎಂಪಿ3 ಹಾಡು ನಿಮಿಷಕ್ಕೆ ಸುಮಾರು 1 ಎಂಬಿ ತಿನ್ನುತ್ತದೆ, 320 ಕೆಬಿಪಿಎಸ್ ಆದರೆ 2.4 ಎಂಬಿ. ಅಂದರೆ ನಾಲ್ಕು ನಿಮಿಷದ ಹಾಡು ಒಂದರಲ್ಲಿ 4 ಎಂಬಿ, ಇನ್ನೊಂದರಲ್ಲಿ ಹತ್ತಿರಹತ್ತಿರ 10 ಎಂಬಿ. ನಿಜವಾಗಿ 4 ಜಿಬಿ ಖಾಲಿ ಇದ್ದರೆ ಕಡಿಮೆ ಗುಣಮಟ್ಟದಲ್ಲಿ ಸುಮಾರು ಸಾವಿರ ಹಾಡು, ಹೆಚ್ಚಿನದರಲ್ಲಿ ನಾನೂರು ಹಿಡಿಸುತ್ತದೆ. "ನಿಜವಾಗಿ ಖಾಲಿ" ಅಂತ ಯಾಕೆ ಹೇಳಿದೆ ಅಂದರೆ, ಡಬ್ಬದ ಮೇಲೆ ಬರೆದ ಸಂಖ್ಯೆಯಲ್ಲಿ ಒಂದು ಪಾಲು ವಾಚಿನ ಸಿಸ್ಟಮ್‌ಗೇ ಹೋಗಿರುತ್ತದೆ. ಓಡುತ್ತಾ ಕೇಳುವಾಗ ಗಾಳಿ, ಗಾಡಿ ಸದ್ದಿನ ನಡುವೆ 320ರ ಸೊಗಸು ಯಾರ ಕಿವಿಗೂ ಗೊತ್ತಾಗಲಿಕ್ಕಿಲ್ಲ, ಸುಮ್ನೆ ಜಾಗ ದಂಡ.

ಹಾಡು ಒಳಗೆ ಹಾಕುವ ದಾರಿ ಎರಡು. ಒಂದು, ನಿಮ್ಮದೇ ಎಂಪಿ3 ಫೈಲುಗಳನ್ನು ಫೋನಿನಿಂದಲೋ ಕಂಪ್ಯೂಟರಿನಿಂದಲೋ ಕಾಪಿ ಮಾಡುವುದು. ಇನ್ನೊಂದು, ಸ್ಪಾಟಿಫೈ, ಯೂಟ್ಯೂಬ್ ಮ್ಯೂಸಿಕ್ ತರದ ಆಪ್‌ಗಳಿಂದ ವಾಚಿಗೆ ಡೌನ್‌ಲೋಡ್ ಮಾಡಿಕೊಳ್ಳುವುದು. ಇದಕ್ಕೆ ಸಾಮಾನ್ಯವಾಗಿ ದುಡ್ಡು ಕೊಟ್ಟ ಚಂದಾ ಬೇಕು. ಫೋನಿನಲ್ಲಿ ಡೌನ್‌ಲೋಡ್ ಆಗಿದ್ದರೆ ವಾಚಿನಲ್ಲೂ ಆಗಿದೆ ಅಂತಲ್ಲ, ಅದು ಬೇರೆ ಇದು ಬೇರೆ. ಅಲ್ಲದೆ ಹಾಗೆ ಇಳಿಸಿಕೊಂಡ ಹಾಡು ನಿಮ್ಮ ಸ್ವಂತ ಫೈಲ್ ಅಲ್ಲ. ಚಂದಾ ಇನ್ನೂ ಇದೆಯಾ ಅಂತ ಆಪ್ ಆಗಾಗ ಇಂಟರ್ನೆಟ್‌ನಲ್ಲಿ ನೋಡಿಕೊಳ್ಳುತ್ತದೆ, ತುಂಬಾ ದಿನ ಸಂಪರ್ಕ ಸಿಗದಿದ್ದರೆ ಹಾಡು ನಿಂತುಹೋಗುತ್ತದೆ.

ಕಾಪಿ ಮಾಡುವುದು ನಿಧಾನ, ತಾಳ್ಮೆ ಬೇಕು. ಬ್ಲೂಟೂತ್ ಮೂಲಕ ದೊಡ್ಡ ಪ್ಲೇಲಿಸ್ಟ್ ಕಳಿಸುತ್ತಾ ಕೂತರೆ ವಾಚಿನ ಚಾರ್ಜೂ ಇಳಿಯುತ್ತದೆ, ನಿಮ್ಮ ಉತ್ಸಾಹವೂ ಇಳಿಯುತ್ತದೆ. ರಾತ್ರಿ ವಾಚನ್ನು ಚಾರ್ಜಿಗಿಟ್ಟು, ವೈಫೈ ಇರುವ ಕಡೆ ಬಿಟ್ಟು ಮಲಗಿ. ಬೆಳಿಗ್ಗೆ ಶೂ ಹಾಕಿಕೊಂಡ ಮೇಲೆ ಮಾಡುವ ಕೆಲಸ ಇದಲ್ಲ.

ಇನ್ನು ಇಯರ್‌ಬಡ್. ವಾಚು ಎಡಗೈಯಲ್ಲಿದ್ದು ಬಲ ಕಿವಿಯಲ್ಲಿ ಹಾಡು ತಡವರಿಸುತ್ತದೆ ಅಂತ ಕೆಲವರು ಇಯರ್‌ಬಡ್ಡನ್ನೇ ಬೈಯುತ್ತಾರೆ. ಕಾರಣ ನಿಮ್ಮ ಮೈ. ಬ್ಲೂಟೂತ್ ಓಡುವುದು 2.4 ಗಿಗಾಹರ್ಟ್ಸ್‌ನಲ್ಲಿ, ಆ ಅಲೆಯನ್ನು ನೀರು ಚೆನ್ನಾಗಿ ಹೀರುತ್ತದೆ, ಮನುಷ್ಯನ ಮೈಯಲ್ಲಿ ಬಹುಪಾಲು ನೀರೇ ಅಲ್ವಾ. ಕೆಲವು ಇಯರ್‌ಬಡ್‌ಗಳಲ್ಲಿ ಒಂದು ಬದಿಯದು ಸಿಗ್ನಲ್ ಹಿಡಿದು ಇನ್ನೊಂದಕ್ಕೆ ದಾಟಿಸುತ್ತದೆ. ಹಿಡಿಯುವ ಬದಿಯ ಕೈಗೇ ವಾಚು ಕಟ್ಟಿ ನೋಡಿ, ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಇದೇ ಕಾರಣಕ್ಕೆ ಈಜುವಾಗ ವಾಚಿನಿಂದ ಹಾಡು ಕೇಳುವ ಆಸೆ ಬಿಟ್ಟುಬಿಡಿ. ವಾಚು ನೀರಿಗೆ ಹೆದರದಿರಬಹುದು, ಅದರ ಬ್ಲೂಟೂತ್ ನೀರಿನೊಳಗೆ ಕೆಲವು ಸೆಂಟಿಮೀಟರ್ ದಾಟುವುದೂ ಕಷ್ಟ. ಈಜುವವರಿಗೆ ಹಾಡನ್ನು ತನ್ನೊಳಗೇ ಇಟ್ಟುಕೊಳ್ಳುವ ಹೆಡ್‌ಫೋನ್ ಬೇರೆಯೇ ಸಿಗುತ್ತದೆ.

ಫೋಟೊ

ಇಲ್ಲಿ ಹೇಳುವುದು ಕಮ್ಮಿ, ಯಾಕೆಂದರೆ ವಾಚಿನಿಂದ ಆಗುವುದೂ ಕಮ್ಮಿ. ಹೆಸರಾಂತ ಕಂಪನಿಗಳ ವಾಚುಗಳಲ್ಲಿ ಹೆಚ್ಚಿನವಕ್ಕೆ ಕ್ಯಾಮೆರಾನೇ ಇಲ್ಲ. ಸ್ಯಾಮ್‌ಸಂಗ್ 2013ರ ಗ್ಯಾಲಕ್ಸಿ ಗೇರ್‌ನಲ್ಲಿ ಪಟ್ಟಿಯೊಳಗೇ 1.9 ಮೆಗಾಪಿಕ್ಸೆಲ್ ಕ್ಯಾಮೆರಾ ಇಟ್ಟಿತ್ತು, ಆಮೇಲೆ ಆ ದಾರಿ ಬಿಟ್ಟಿತು. ಈಗ "ಕ್ಯಾಮೆರಾ" ಅಂತ ಬರೆದಿದ್ದರೆ ಅದು ಹೆಚ್ಚಾಗಿ ಫೋನ್ ಕ್ಯಾಮೆರಾದ ಬಟನ್. ಫೋನನ್ನು ಎಲ್ಲೋ ನಿಲ್ಲಿಸಿ ದೂರದಿಂದ ಗುಂಪು ಫೋಟೊ ತೆಗೆಯಲು ಚೆನ್ನಾಗಿದೆ, ಆದರೆ ಫೋನ್ ಬೇಕೇ ಬೇಕು. ಸಿಮ್ ಹಾಕುವ ಮಕ್ಕಳ ವಾಚುಗಳಲ್ಲಿ ನಿಜವಾದ ಕ್ಯಾಮೆರಾ ಇರುವುದುಂಟು, ಅದು ವಿಡಿಯೊ ಕಾಲ್‌ಗೆ ಸರಿ, ನೆನಪಿಗೆ ಇಟ್ಟುಕೊಳ್ಳುವ ಫೋಟೊಗೆ ಅಲ್ಲ.

ತೆಗೆದ ಫೋಟೊ ನೋಡುವುದು ಮಾತ್ರ ಫೋನ್ ಇಲ್ಲದೆ ಆಗುತ್ತದೆ. ಆಪಲ್ ವಾಚಿನಲ್ಲಿ ಒಂದು ಆಲ್ಬಮ್ ಆರಿಸಿ 500 ಫೋಟೊವರೆಗೆ ಸಿಂಕ್ ಮಾಡಬಹುದು. ವಾಚಿಗೆ ಬರುವುದು ಸಣ್ಣದು ಮಾಡಿದ ಪ್ರತಿ, 396×484 ಪಿಕ್ಸೆಲ್‌ನಂಥ ಪರದೆಗೆ ಅಷ್ಟು ಸಾಕು. ಹಾಗಾಗಿ ಇದನ್ನು ಬ್ಯಾಕಪ್ ಅಂದುಕೊಂಡು ಫೋನಿನಲ್ಲಿರುವುದನ್ನು ಅಳಿಸಬೇಡಿ. ನನ್ನ ಕೇಳಿದರೆ ಇದರ ದೊಡ್ಡ ಉಪಯೋಗ ಮುದ್ದಾದ ವಾಚ್‌ಫೇಸ್ ಅಲ್ಲ. ಟಿಕೆಟಿನ ಕ್ಯೂಆರ್ ಕೋಡ್, ಬಸ್ ವೇಳಾಪಟ್ಟಿ, ವ್ಯಾಯಾಮದ ಪಟ್ಟಿ ಇಂಥವುಗಳ ಸ್ಕ್ರೀನ್‌ಶಾಟ್ ವಾಚಿಗೆ ಹಾಕಿಕೊಂಡರೆ ಫೋನ್ ಇಲ್ಲದಾಗ ಕೆಲಸಕ್ಕೆ ಬರುತ್ತದೆ.

ಫಿಟ್‌ನೆಸ್

ಫೋನಿನ ಹಂಗಿಲ್ಲದೆ ವಾಚು ಚೆನ್ನಾಗಿ ಮಾಡುವ ಕೆಲಸ ಇದು, ಯಾಕೆಂದರೆ ಸೆನ್ಸರ್‌ಗಳು ವಾಚಿನಲ್ಲೇ ಇವೆ. ಕೈಯ ಅಲುಗಾಟ ನೋಡಿ ಹೆಜ್ಜೆ ಎಣಿಸುತ್ತದೆ. ಅದಕ್ಕೇ ಮಗುವಿನ ಗಾಡಿ ತಳ್ಳುತ್ತಾ ನಡೆದರೆ ಹೆಜ್ಜೆ ಕಮ್ಮಿ ತೋರಿಸುತ್ತದೆ. ಹಿಂದುಗಡೆಯ ಹಸಿರು ಬೆಳಕು ನಾಡಿಬಡಿತಕ್ಕೆ. ರಕ್ತ ಹಸಿರು ಬೆಳಕನ್ನು ಹೀರುತ್ತದೆ, ಪ್ರತಿ ಬಡಿತಕ್ಕೂ ರಕ್ತದ ಪ್ರಮಾಣ ಹೆಚ್ಚು ಕಡಿಮೆ ಆಗುವಾಗ ವಾಪಸ್ ಬರುವ ಬೆಳಕೂ ಬದಲಾಗುತ್ತದೆ, ವಾಚು ಎಣಿಸುವುದು ಅದನ್ನು. ಪಟ್ಟಿ ಸಡಿಲ ಇದ್ದರೆ ಹೊರಗಿನ ಬೆಳಕು ನುಗ್ಗಿ ಲೆಕ್ಕ ಕೆಡುತ್ತದೆ. ವ್ಯಾಯಾಮದ ಹೊತ್ತಿಗೆ ಮಣಿಕಟ್ಟಿನ ಮೂಳೆಯಿಂದ ಸ್ವಲ್ಪ ಮೇಲೆ ಕಟ್ಟಿ, ಬಿಗಿಯಾಗಿ, ಆದರೆ ಕೈ ಜೋಮು ಹಿಡಿಯುವಷ್ಟಲ್ಲ.

ಯಾವ ಸಂಖ್ಯೆಯನ್ನು ಎಷ್ಟು ನಂಬಬೇಕು? 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಕೈಗೆ ಕಟ್ಟುವ 7 ಸಾಧನಗಳನ್ನು 60 ಜನರಿಗೆ ಕಟ್ಟಿ ಪರೀಕ್ಷಿಸಿದರು. ನಾಡಿಬಡಿತದಲ್ಲಿ ಆರು ಸಾಧನಗಳ ತಪ್ಪು ಶೇ. 5ರ ಒಳಗಿತ್ತು. ಕ್ಯಾಲೊರಿಯಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದದ್ದೇ ಸರಾಸರಿ ಶೇ. 27 ತಪ್ಪಿತ್ತು! ಹಾಗಾಗಿ ಬಡಿತ ನಂಬಿ, ಕ್ಯಾಲೊರಿ ನೋಡಿ ನಕ್ಕು ಮುಂದೆ ಹೋಗಿ. ವಾಚು ತೋರಿಸಿದ ಕ್ಯಾಲೊರಿ ಲೆಕ್ಕದಲ್ಲಿ ಊಟ ಹೆಚ್ಚಿಸುವುದಂತೂ ಬೇಡವೇ ಬೇಡ.

ಜಿಪಿಎಸ್ ವಿಷಯ ಸ್ವಲ್ಪ ನಿಂತು ನೋಡಬೇಕು. "ಕನೆಕ್ಟೆಡ್ ಜಿಪಿಎಸ್" ಅಂದರೆ ವಾಚಿನಲ್ಲಿ ಜಿಪಿಎಸ್ ಇಲ್ಲ, ಫೋನಿನದ್ದನ್ನು ಎರವಲು ಪಡೆಯುತ್ತದೆ ಅಂತ. ಫೋನ್ ಬಿಟ್ಟು ಓಡಿದರೆ ದೂರ ಬರೀ ಅಂದಾಜು, ನಕ್ಷೆಯಲ್ಲಿ ದಾರಿ ಮೂಡುವುದೇ ಇಲ್ಲ. ನಿಮಗೆ ಬೇಕಾದದ್ದು ಬಿಲ್ಟ್-ಇನ್ ಜಿಪಿಎಸ್.

ಅದಿದ್ದರೂ ಮೊದಲ ಸಲ ಜಾಗ ಹಿಡಿಯಲು ತಡವಾಗುವುದುಂಟು. ನೀವು ಎಲ್ಲಿದ್ದೀರಿ ಅಂತ ಹೇಳಲು ಕನಿಷ್ಠ 4 ಉಪಗ್ರಹಗಳ ಸಿಗ್ನಲ್ ಬೇಕು, ಜೊತೆಗೆ ಪ್ರತಿ ಉಪಗ್ರಹ ಈಗ ಆಕಾಶದಲ್ಲಿ ಎಲ್ಲಿದೆ ಅನ್ನುವ ವಿವರವೂ ಬೇಕು. ಆ ವಿವರವನ್ನು ಉಪಗ್ರಹವೇ ಕಳಿಸುತ್ತದೆ, ಆದರೆ ಸೆಕೆಂಡಿಗೆ 50 ಬಿಟ್‌ನಂತೆ, ಅಂದರೆ ಆಮೆ ನಡಿಗೆಯಲ್ಲಿ. ಪೂರ್ತಿ ಬರಲು ಸುಮಾರು 30 ಸೆಕೆಂಡ್, ನಡುವೆ ಮರವೋ ಕಟ್ಟಡವೋ ಅಡ್ಡ ಬಂದರೆ ಮತ್ತೆ ಕಾಯಬೇಕು. ಬಂದ ವಿವರ ಕೆಲವೇ ಗಂಟೆ ಬಾಳುತ್ತದೆ. ಫೋನ್ ಜೊತೆಗಿದ್ದಾಗ ಇದೇ ಮಾಹಿತಿ ಇಂಟರ್ನೆಟ್‌ನಿಂದ ಕ್ಷಣದಲ್ಲಿ ಸಿಗುತ್ತದೆ, ಅದಕ್ಕೇ ಬೇಗ ಹಿಡಿಯುತ್ತದೆ. ಹಲವು ವಾಚುಗಳು ಮುಂದಿನ ಕೆಲವು ದಿನಗಳ ಮಾಹಿತಿಯನ್ನೂ ಮೊದಲೇ ಇಳಿಸಿಕೊಂಡಿರುತ್ತವೆ. ಹೊರಡುವ ಮುನ್ನ ಒಮ್ಮೆ ಸಿಂಕ್ ಮಾಡಿ ಅನ್ನುವುದು ಇದಕ್ಕೇ. ಬಯಲಿನಲ್ಲಿ ನಿಂತು ಜಿಪಿಎಸ್ ಸಿಕ್ಕಿತು ಅಂತ ವಾಚು ಹೇಳಿದ ಮೇಲೆ ಓಟ ಶುರು ಮಾಡಿ, ಇಲ್ಲದಿದ್ದರೆ ಮೊದಲ ಕೆಲವು ನೂರು ಮೀಟರ್ ಲೆಕ್ಕಕ್ಕೇ ಸಿಗುವುದಿಲ್ಲ.

ಚಾರ್ಜು, ಮತ್ತೆ ಒಂದು ಪರೀಕ್ಷೆ

ವಾಚಿನ ಬ್ಯಾಟರಿ ಸಾಮಾನ್ಯವಾಗಿ 300ರಿಂದ 500 ಎಂಎಎಚ್, ಫೋನಿನದ್ದು ಅದರ ಹತ್ತು ಪಟ್ಟು. ಜಿಪಿಎಸ್, ಬ್ಲೂಟೂತ್ ಹಾಡು, ಎಲ್‌ಟಿಇ ಮೂರೂ ಒಟ್ಟಿಗೆ ನಡೆದರೆ ಈ ಪುಟ್ಟ ಬ್ಯಾಟರಿ ಕಣ್ಣೆದುರೇ ಇಳಿಯುತ್ತದೆ. ಗಾರ್ಮಿನ್ ಫೋರ್‌ರನ್ನರ್ 245 ಮ್ಯೂಸಿಕ್‌ಗೆ ಕಂಪನಿಯೇ ಕೊಟ್ಟ ಲೆಕ್ಕ ನೋಡಿ: ಬರೀ ಜಿಪಿಎಸ್ ಆದರೆ 24 ಗಂಟೆವರೆಗೆ, ಹಾಡೂ ಸೇರಿದರೆ 6 ಗಂಟೆವರೆಗೆ. ಎಲ್‌ಟಿಇ ಸಿಗ್ನಲ್ ಕಮ್ಮಿ ಇರುವ ಕಡೆ ಇನ್ನೂ ಜಾಸ್ತಿ ತಿನ್ನುತ್ತದೆ, ಅಂಥ ಕಡೆ ಅದನ್ನು ಆಫ್ ಮಾಡಿ, ಹಾಡು ಹೇಗೂ ಒಳಗೇ ಇದೆಯಲ್ಲ.

ವೈಫೈ ನಂಬಿ ಹೊರಡುವವರಿಗೆ ಒಂದು ಸೂಚನೆ. ಬ್ರೌಸರ್ ತೆರೆದು ಲಾಗಿನ್ ಕೇಳುವ ಸಾರ್ವಜನಿಕ ವೈಫೈಗೆ ವಾಚುಗಳು ಸಾಮಾನ್ಯವಾಗಿ ಸೇರಿಕೊಳ್ಳಲಾರವು. ಮನೆ ವೈಫೈ ಸರಿ, ಜಿಮ್‌ನದ್ದು ಅನುಮಾನ.

ನಿಮ್ಮ ವಾಚಿಗೆ ಏನೇನು ಬರುತ್ತದೆ ಅಂತ ತಿಳಿಯಲು ಫೋನನ್ನು ಪೂರ್ತಿ ಸ್ವಿಚ್ ಆಫ್ ಮಾಡಿ. ಏರೋಪ್ಲೇನ್ ಮೋಡ್ ಸಾಲದು, ಅದರಲ್ಲೂ ಎಷ್ಟೋ ಫೋನ್‌ಗಳಲ್ಲಿ ಬ್ಲೂಟೂತ್ ಹಾಗೇ ಉಳಿದಿರುತ್ತದೆ. ವಾಚಿನ ವೈಫೈ, ಎಲ್‌ಟಿಇ ಕೂಡ ಆಫ್ ಮಾಡಿ. ಈಗ ಹಾಡು ಹಾಕಿ, ಫೋಟೊ ತೆರೆಯಿರಿ, ಹೊರಗೆ ಹೋಗಿ ಒಂದು ಸಣ್ಣ ನಡಿಗೆ ರೆಕಾರ್ಡ್ ಮಾಡಿ. ಬಂದದ್ದೆಲ್ಲ ವಾಚಿನದ್ದು, ನಿಂತದ್ದೆಲ್ಲ ಬೇರೆಯವರದ್ದು.

ಫೋನ್ ಮತ್ತೆ ಆನ್ ಮಾಡಿದ ಮೇಲೆ ನಡಿಗೆಯ ದಾಖಲೆ ಆಪ್‌ಗೆ ಬಂತಾ ಅಂತಲೂ ನೋಡಿ. ಅಲ್ಲಿವರೆಗೆ ಅದು ವಾಚಿನಲ್ಲೇ ಕಾಯುತ್ತಿರುತ್ತದೆ, ಆದರೆ ಎಂದೆಂದಿಗೂ ಅಲ್ಲ. ಫಿಟ್‌ಬಿಟ್ ಸಾಧನಗಳು ನಿಮಿಷ ನಿಮಿಷದ ವಿವರವನ್ನು 7 ದಿನ, ದಿನದ ಮೊತ್ತವನ್ನು 30 ದಿನ ಇಟ್ಟುಕೊಳ್ಳುತ್ತವೆ. ಬೇರೆ ವಾಚುಗಳಲ್ಲೂ ಮೆಮೊರಿ ತುಂಬಿದರೆ ಹಳೆಯದಕ್ಕೇ ಕುತ್ತು. ವಾರಕ್ಕೊಮ್ಮೆಯಾದರೂ ಫೋನಿಗೋ ಕಂಪ್ಯೂಟರಿಗೋ ಸಿಂಕ್ ಮಾಡಿಬಿಡಿ.