ಖರಾಬು ಕಾಲಮ್ಮಿನಲ್ಲಿ ಊರಿನ ಆಸ್ತಿ

ಜಮೀನಿನ ದಾಖಲೆಯಾದ ಪಹಣಿಯೊಂದನ್ನು ಕೈಗೆತ್ತಿಕೊಂಡರೆ ಒಟ್ಟು ವಿಸ್ತೀರ್ಣದ ಕೆಳಗೆ ಎರಡು ಸಾಲು ಕಾಣುತ್ತವೆ: ಫೂಟ್ ಖರಾಬು 'ಅ', ಫೂಟ್ ಖರಾಬು 'ಬ'. ಬಂಡೆ, ಕೊರಕಲು ಎಂದು ಉಳುಮೆಗೆ ಬಾರದ್ದು 'ಅ'. ಬಂಡಿದಾರಿ, ಹಳ್ಳ, ಕೆರೆ, ಸ್ಮಶಾನದಂಥ ಸಾರ್ವಜನಿಕ ಬಳಕೆಯ ನೆಲ 'ಬ'. ಖರಾಬು ಎಂದರೆ ಕೆಟ್ಟದ್ದು. ಎತ್ತಿಗೆ ನೀರು, ಹೆಣಕ್ಕೆ ಜಾಗ ಕೊಡುವ ನೆಲ ಕೆಟ್ಟದ್ದಾಗಿದ್ದು ಯಾರ ಲೆಕ್ಕದಲ್ಲಿ? ಕಂದಾಯ ವಸೂಲಿಗೆ ಬಂದವರ ಲೆಕ್ಕದಲ್ಲಿ.

ಅದಕ್ಕೂ ಹಿಂದೆ ಲೆಕ್ಕ ಇರಲಿಲ್ಲವೆಂದಲ್ಲ. ದಾನಶಾಸನಗಳಲ್ಲಿ ಚತುಸ್ಸೀಮೆ ಹೇಳುವ ಸಾಲುಗಳು ಕೆರೆ, ಹಳ್ಳ, ಮರ, ನೆಟ್ಟ ಕಲ್ಲುಗಳನ್ನೇ ಗಡಿಯಾಗಿ ಹಿಡಿಯುತ್ತವೆ. ಮೈಸೂರು ಸೀಮೆಯಲ್ಲಿ 1863ರಿಂದ ಶುರುವಾದ ರೆವಿನ್ಯೂ ಸರ್ವೆ ಈ ಕ್ರಮವನ್ನು ತಿರುವಿಹಾಕಿತು. 33 ಅಡಿಯ ಸರಪಳಿ, ಅದಕ್ಕೆ 16 ಆಣೆ. ಉದ್ದಕ್ಕೊಂದು ಅಗಲಕ್ಕೊಂದು ಸರಪಳಿ ಹಾಕಿದರೆ ಒಂದು ಗುಂಟೆ. ಹೊಲವನ್ನು ಆಣೆ ಬಿಡದೆ ಅಳೆದವರು ಮನೆಗಳಿರುವ ಗ್ರಾಮಠಾಣಾದೊಳಗೆ ಕಾಲಿಡಲಿಲ್ಲ, ಅಲ್ಲಿ ಭೂಕಂದಾಯ ಹುಟ್ಟುವುದಿಲ್ಲವಲ್ಲ! ಹಳೆಯ ಗ್ರಾಮನಕ್ಷೆಯಲ್ಲಿ ಮನೆ, ಓಣಿ, ಗುಡಿ, ಕಟ್ಟೆ ಇರುವ ಜಾಗ ಇವತ್ತಿಗೂ ಖಾಲಿ. ಬಂಡಿದಾರಿಗೆ ಚುಕ್ಕಿಗಳ ಜೋಡಿ ಸಾಲು, ಕಾಲುದಾರಿಗೆ ಒಂಟಿ ಸಾಲು. ಅಗಲ ಎಷ್ಟೆಂದು ಜಗಳವಾದರೆ ಆ ಚುಕ್ಕಿಯಿಂದಲೇ ಹೇಳಬೇಕು.

ಬಿಟ್ಟುಹೋದದ್ದು ಶಾನುಭೋಗರ ತಲೆಯಲ್ಲಿತ್ತು, ಕೆಲವೊಮ್ಮೆ ಅವರ ಮನೆಯ ಪೆಟ್ಟಿಗೆಯಲ್ಲಿ. 1961ರ ಗ್ರಾಮ ಕಚೇರಿಗಳ ರದ್ದತಿ ಕಾಯ್ದೆ ವಂಶಪಾರಂಪರ್ಯದ ಹುದ್ದೆಯನ್ನು ತೆಗೆಯಿತು. ತೆಗೆಯಬೇಕಾದದ್ದೇ. ಕಡತವೇನೋ ಗ್ರಾಮಲೆಕ್ಕಿಗರ ಕೈ ಸೇರಿತು, 'ಆ ಹುಣಸೆಮರದ ಆಚೆ ಗೋಮಾಳ' ಎಂಬ ನೆನಪು ಸೇರಲಿಲ್ಲ.

ಗೋಮಾಳಕ್ಕಾದರೂ ನಿಯಮ ಸ್ಪಷ್ಟವಿತ್ತು. 1966ರ ಭೂಕಂದಾಯ ನಿಯಮಗಳ 97ನೇ ನಿಯಮದ ಪ್ರಕಾರ 100 ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ. ದನ ಕಮ್ಮಿಯಾದರೆ ಮಿಕ್ಕದ್ದು 'ಹೆಚ್ಚುವರಿ'. ಆಮೇಲಿನ ಕತೆ, ಅಪ್ಪಣೆಯಿಲ್ಲದೆ ಉಳುತ್ತಿದ್ದ ಸರ್ಕಾರಿ ಜಮೀನನ್ನು ಸಕ್ರಮ ಮಾಡಿಕೊಡಿ ಎಂದು ನಮೂನೆ 50, 53, 57ರಲ್ಲಿ ಅರ್ಜಿ ಹಾಕಿದ ಬಗರ್‌ಹುಕುಂನವರಿಗೆಲ್ಲ ಗೊತ್ತು. ಅವರಲ್ಲಿ ಬಡವರೂ ಇದ್ದರು, ಬಡವರ ಹೆಸರಿನಲ್ಲಿ ಬೇಲಿ ಹಾಕಿದವರೂ ಇದ್ದರು.

1993ರ ಪಂಚಾಯತ್ ರಾಜ್ ಕಾಯ್ದೆ ಬಂದಾಗ ಊರಿನ ಆಸ್ತಿಗೆ ಒಬ್ಬ ಯಜಮಾನ ಸಿಕ್ಕ ಎನ್ನಿಸಿತು. ಸಿಕ್ಕಿದ್ದು ಆಸ್ತಿ ರಿಜಿಸ್ಟರು. ಶಾಲೆ, ಅಂಗನವಾಡಿ, ಓವರ್‌ಹೆಡ್ ಟ್ಯಾಂಕು, ಸಮುದಾಯ ಭವನ ಎಲ್ಲಕ್ಕೂ ಕ್ರಮಸಂಖ್ಯೆ ಬಿತ್ತು. ಶಾಲೆಯ ಸಾಲನ್ನೇ ನೋಡಿ. ಎಷ್ಟೋ ಊರುಗಳಲ್ಲಿ ಜಾಗ ಕೊಟ್ಟವರು ಬಾಯಿಮಾತಿನಲ್ಲಿ ಕೊಟ್ಟಿದ್ದಾರೆ. ಕಟ್ಟಡ ಸರ್ಕಾರದ್ದು, ಪಹಣಿ ದಾನಿಯದ್ದು. ರಸ್ತೆ ಅಗಲವಾಗಿ ಬೆಲೆ ಏರಿದ ಮೇಲೆ ಮೊಮ್ಮಕ್ಕಳು ಪೌತಿಖಾತೆ ಮಾಡಿಸಿ, ಅಂದರೆ ತೀರಿಕೊಂಡವರ ಜಮೀನನ್ನು ತಮ್ಮ ಹೆಸರಿಗೆ ಬರೆಸಿಕೊಂಡು, ಗೇಟಿನ ಮುಂದೆ ನಿಲ್ಲುತ್ತಾರೆ.

ಕೆರೆಯ ಪಾಡು ಇನ್ನೂ ಗೋಜಲು. ಅಚ್ಚುಕಟ್ಟು, ಅಂದರೆ ಕೆರೆ ನೀರುಣಿಸುವ ಜಮೀನು, 40 ಹೆಕ್ಟೇರಿನ ಒಳಗಿದ್ದರೆ ಪಂಚಾಯತ್ ವ್ಯವಸ್ಥೆಗೆ, ಮೇಲಿದ್ದು 2,000 ಹೆಕ್ಟೇರಿನವರೆಗಿದ್ದರೆ ಸಣ್ಣ ನೀರಾವರಿ ಇಲಾಖೆಗೆ. ಕೆರೆಯಂಗಳದ ನೆಲ ಕಂದಾಯ ಇಲಾಖೆಯದು. ಒತ್ತುವರಿ ದೂರು ಕೊಟ್ಟವರು ಈ ಕಚೇರಿಗಳ ಮೆಟ್ಟಿಲನ್ನೆಲ್ಲ ಹತ್ತಿಳಿಯಬೇಕು.

ಪಟ್ಟಣಗಳಲ್ಲಿ ಲೆಕ್ಕಪತ್ರದ ಕಡೆಯಿಂದ ಒತ್ತಡ ಬಂತು. 2006ರ ಪೌರಸಭೆಗಳ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳು ಜೋಡಿ ನಮೂದು (ಡಬಲ್ ಎಂಟ್ರಿ) ಪದ್ಧತಿ ತಂದವು. ಬ್ಯಾಲೆನ್ಸ್ ಶೀಟ್ ಬರೆಯಬೇಕಾದರೆ ಇರುವುದೇನು ಎಂದು ಮೊದಲು ಗೊತ್ತಿರಬೇಕು. ಆದರೆ ಸರ್ಕಾರದಿಂದ ಬಿಟ್ಟಿ ಬಂದ ಜಮೀನಿಗೆ ಎಷ್ಟು ಬೆಲೆ ಹಾಕುವುದು? ರಾಷ್ಟ್ರೀಯ ಮುನಿಸಿಪಲ್ ಲೆಕ್ಕಪತ್ರ ಕೈಪಿಡಿಯ ಉತ್ತರ: 1 ರೂಪಾಯಿ. ಲೆಕ್ಕಿಗರಿಗೆ ಅದು ಸರಿಯೇ ಇರಬಹುದು. ಆದರೆ ಉದ್ಯಾನದ ಒಂದು ಮೂಲೆ ಕಳೆದುಹೋದರೂ ಪುಸ್ತಕದಲ್ಲಿ ಪೈಸೆ ನಷ್ಟ ಕಾಣುವುದಿಲ್ಲ. ಬೆಂಗಳೂರಿನಲ್ಲಿ ಒತ್ತುವರಿಯಾಗಿ ಕಳೆದುಹೋದ ಸರ್ಕಾರಿ ಜಮೀನನ್ನು ಎಣಿಸಲು ಎ.ಟಿ. ರಾಮಸ್ವಾಮಿ ನೇತೃತ್ವದ ಸದನ ಸಮಿತಿ, ಆಮೇಲೆ ವಿ. ಬಾಲಸುಬ್ರಮಣಿಯನ್ ಕಾರ್ಯಪಡೆ ಬೇಕಾದವು.

ಈಗ ತಂತ್ರಜ್ಞಾನದ ಸರದಿ. 'ದಿಶಾಂಕ್' ಆ್ಯಪ್ ತೆರೆದು ಕೆರೆ ಏರಿಯ ಮೇಲೆ ನಿಂತರೆ ಸರ್ವೆ ನಂಬರು ಫೋನಿನಲ್ಲೇ ಬರುತ್ತದೆ. ಯುವಕರ ಕೈಗೆ ಇದೊಂದು ಒಳ್ಳೆಯ ಆಯುಧ. ಆದರೆ ಫೋನಿನ ಜಿಪಿಎಸ್ ಕೆಲವು ಮೀಟರು ಆಚೀಚೆ ತೋರಿಸಬಹುದು, ಒತ್ತುವರಿ ನಡೆಯುವುದೂ ಅದೇ ಕೆಲವು ಮೀಟರಿನಲ್ಲಿ. ಕೊನೆಗೆ ಸರ್ವೆಯರು ಬಂದು ಗಡಿ ಅಳೆದು ಹದ್ದುಬಸ್ತು ಮಾಡಲೇಬೇಕು.

ಪಂಚಾಯಿತಿ ಸ್ವತ್ತುಗಳನ್ನು ಕಂಪ್ಯೂಟರಿಗೇರಿಸಲು 2013ರ ಹೊತ್ತಿಗೆ ಬಂದ ಇ-ಸ್ವತ್ತು ಮತ್ತೆ ಕಂದಾಯ ಕಟ್ಟುವ ಸ್ವತ್ತಿನಿಂದಲೇ ಶುರುವಾಯಿತು. ಸರಪಳಿ ಹೊಕ್ಕಿರದ ಗ್ರಾಮಠಾಣಾಕ್ಕೆ 2020ರ 'ಸ್ವಾಮಿತ್ವ' ಯೋಜನೆಯಲ್ಲಿ ಅಳತೆಗೆಂದು ಡ್ರೋನ್ ಬಂತು. ಹಾರಿಸುವ ಮುಂಚೆ ಪ್ರತಿ ಆಸ್ತಿಯ ಸುತ್ತ ಸುಣ್ಣದ ಗೆರೆ ಎಳೆಯಬೇಕು. ತಮ್ಮ ಮನೆ, ಹಿತ್ತಲಿನ ಗೆರೆ ಎಲ್ಲಿ ಬೀಳುತ್ತದೆಂದು ಮನೆಯವರೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಾರೆ. ಅಶ್ವತ್ಥಕಟ್ಟೆ, ಸೇದುವ ಬಾವಿ, ದನ ಹೋಗುವ ಓಣಿಗೆ ಬಾಗಿಲೂ ಇಲ್ಲ, ನಿಲ್ಲುವವರೂ ಇಲ್ಲ. ಅಲ್ಲಿ ಸುಣ್ಣ ಹಾಕಬೇಕಾದದ್ದು ಪಂಚಾಯಿತಿ, ಅಂದರೆ ಕಂದಾಯ ವಸೂಲಿಗೆ ನೇಮಿಸಿದ ಅದೇ ಬಿಲ್ ಕಲೆಕ್ಟರು.