ನಿಮ್ಮ ಫೋಟೋದ ಅಸಲು ಪ್ರತಿ ಈಗ ಎಲ್ಲಿದೆ?

1996ರಲ್ಲಿ ಬಂದ ಪೈಲಟ್ ಎಂಬ ಅಂಗೈಯಗಲದ ಯಂತ್ರಕ್ಕೆ ಒಂದು ಪುಟ್ಟ ಪೀಠವಿತ್ತು. ಪೀಠವನ್ನು ಕಂಪ್ಯೂಟರಿಗೆ ಕೇಬಲ್ಲಿನಿಂದ ಜೋಡಿಸಿ, ಯಂತ್ರವನ್ನು ಅದರ ಮೇಲೆ ಕೂರಿಸಿ ಹಾಟ್‌ಸಿಂಕ್ ಗುಂಡಿ ಒತ್ತಿದರೆ ಫೋನ್ ನಂಬರು, ಕ್ಯಾಲೆಂಡರು ಎರಡೂ ಕಡೆ ಒಂದೇ ಆಗುತ್ತಿದ್ದವು. ಅಸಲು ಎಲ್ಲಿ, ನಕಲು ಎಲ್ಲಿ ಎಂಬ ಗೊಂದಲ ಕಡಿಮೆ ಇದ್ದ ಕಾಲ ಅದು: ಮೇಜಿನ ಮೇಲಿನ ಕಂಪ್ಯೂಟರೇ ಯಜಮಾನ. ಐಟ್ಯೂನ್ಸ್ ಎಂಬ ಆಪಲ್ ತಂತ್ರಾಂಶವಿದ್ದ ಕಂಪ್ಯೂಟರಿಗೆ ಕೇಬಲ್ಲಿನಿಂದ ಕಟ್ಟಿಹಾಕಿಕೊಂಡಿದ್ದ ಮೊದಲ ಐಫೋನುಗಳ ಕಥೆಯೂ ಇದೇ.

ಕೇಬಲ್ ಕಳಚುವುದು ಮಾತ್ರ ಅಂದುಕೊಂಡಷ್ಟು ಸುಲಭವಾಗಲಿಲ್ಲ. 2008ರ ಜುಲೈನಲ್ಲಿ ಆಪಲ್ ವರ್ಷಕ್ಕೆ 99 ಡಾಲರಿನ ಮೊಬೈಲ್‌ಮಿ ಸೇವೆ ತಂದಿತು. ಒಂದು ಕಡೆ ಬದಲಿಸಿದ್ದು ಎಲ್ಲ ಕಡೆಯೂ ತಕ್ಷಣ ಬದಲಾಗುತ್ತದೆ ಎಂಬುದು ಭರವಸೆ. ಆದರೆ ಕಂಪ್ಯೂಟರಿನಲ್ಲಿ ಮಾಡಿದ ಬದಲಾವಣೆ ಫೋನಿಗೆ ತಲುಪಲು 15 ನಿಮಿಷದವರೆಗೂ ಹಿಡಿಯುತ್ತಿತ್ತು. ಕೆಲವರಿಗಂತೂ ದಿನಗಟ್ಟಲೆ ಮೇಲ್ ಸಿಗಲೇ ಇಲ್ಲ. ಐಫೋನ್ 3ಜಿ, ಆಪ್ ಸ್ಟೋರ್, ಹೊಸ ಸಾಫ್ಟ್‌ವೇರ್ ಜೊತೆಗೇ ಇದನ್ನೂ ಬಿಡುಗಡೆ ಮಾಡಿದ್ದು ತಪ್ಪಾಯಿತೆಂದು ಸ್ಟೀವ್ ಜಾಬ್ಸ್ ನೌಕರರಿಗೆ ಬರೆದರು. ಗ್ರಾಹಕರಿಗೆ ಅವಧಿಯನ್ನು ಉಚಿತವಾಗಿ ವಿಸ್ತರಿಸಿಕೊಡಬೇಕಾಯಿತು.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಸಾರ್ವಜನಿಕರಿಗೆ ತೆರೆದ ಡ್ರಾಪ್‌ಬಾಕ್ಸ್ ಹಿಡಿದದ್ದು ಚಿಕ್ಕ ಗುರಿ, ಎಲ್ಲ ಕಂಪ್ಯೂಟರುಗಳಲ್ಲೂ ಒಂದೇ ಆಗಿರುವ ಒಂದೇ ಒಂದು ಫೋಲ್ಡರ್. ಕಡತವನ್ನು ತುಂಡುಗಳಾಗಿ ಒಡೆದು, ಬದಲಾದ ತುಂಡನ್ನಷ್ಟೇ ಕಳಿಸುವುದು ಅದರ ಜಾಣತನ. ಒಂದೇ ಕಡತವನ್ನು ಇಬ್ಬರು ಒಟ್ಟಿಗೆ ತಿದ್ದಿದ್ದರೆ? ಯಾರದು ಸರಿ ಎಂಬ ತೀರ್ಪಿಗೆ ಅದು ಕೈಹಾಕಲಿಲ್ಲ. ಎರಡನ್ನೂ ಉಳಿಸಿ, ಒಂದರ ಹೆಸರಿಗೆ ಘರ್ಷಣೆಯ ಪ್ರತಿ ಎಂಬ ಗುರುತು ಅಂಟಿಸಿತು. ನನ್ನ ಮಟ್ಟಿಗೆ ಈ ಕ್ಷೇತ್ರದಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ಪರಿಹಾರ ಬಂದಿಲ್ಲ.

ನಿಜವಾದ ತಿರುವು 2011ರ ಜೂನಿನದು. ಫೋಟೋ, ಕಡತಗಳನ್ನು ಆಪಲ್ಲಿನ ಸರ್ವರಿನಲ್ಲಿಡುವ ಐಕ್ಲೌಡ್ ಸೇವೆಯನ್ನು ಘೋಷಿಸುತ್ತ ಜಾಬ್ಸ್, ಇನ್ನು ಮುಂದೆ ಪಿಸಿ, ಮ್ಯಾಕ್‌ಗಳಿಗೆ ಹಿಂಬಡ್ತಿ, ಅವೂ ಒಂದೊಂದು ಸಾಧನ ಅಷ್ಟೇ ಎಂದರು. ಯಜಮಾನಿಕೆ ದೂರದ ಸರ್ವರಿಗೆ ಹೋಯಿತು, ನಮ್ಮ ಕೈಯಲ್ಲಿರುವುದೆಲ್ಲ ಅದರ ನೆರಳಾಯಿತು. ಬಹುಪಾಲು ಬಳಕೆದಾರರಿಗೆ ಈ ಬದಲಾವಣೆ ಇನ್ನೂ ತಲೆಗೆ ಹೋಗಿಲ್ಲ. ಐಕ್ಲೌಡ್ ಫೋಟೋಸ್ ಹಾಕಿಕೊಂಡವರು ಫೋನಿನಲ್ಲಿ ಜಾಗ ಸಾಲದೆಂದು ಮದುವೆಯ ಫೋಟೋ ಅಳಿಸುತ್ತಾರೆ, ಕ್ಲೌಡಿನಲ್ಲಿ ಹೇಗೂ ಇದೆಯಲ್ಲ ಎಂಬ ಧೈರ್ಯದಿಂದ. ಅಳಿಸುವುದೂ ಒಂದು ಬದಲಾವಣೆಯೇ. ಅದೂ ಎಲ್ಲ ಕಡೆ ಹರಡುತ್ತದೆ. ಸುಮಾರು 30 ದಿನ ಕಸದ ಬುಟ್ಟಿಯಲ್ಲಿದ್ದು ಆಮೇಲೆ ಮಾಯ. ಎಲ್ಲ ಕಡೆ ಒಂದೇ ಆಗಿಸುವ ಸಿಂಕ್ ಎಂದರೆ, ಬೇರೆಯಾಗಿ ಎತ್ತಿಟ್ಟ ಪ್ರತಿ, ಅಂದರೆ ಬ್ಯಾಕಪ್ ಅಲ್ಲ.

ಅಸಲು ಕಂಪನಿಗಳ ಬಳಿ ಇದ್ದ ಮೇಲೆ ಬಾಡಿಗೆಯೂ ಅವು ಹೇಳಿದ್ದೇ. 2015ರಲ್ಲಿ ಗೂಗಲ್ ಫೋಟೋಸ್, ಸ್ವಲ್ಪ ಕುಗ್ಗಿಸಿದ ಚಿತ್ರಗಳನ್ನು ಎಷ್ಟು ಬೇಕಾದರೂ ಉಚಿತವಾಗಿ ಇಡಿ ಎಂದಿತು. 2021ರ ಜೂನ್ 1ರಿಂದ ಹೊಸ ಚಿತ್ರಗಳೆಲ್ಲ ಜಿಮೇಲ್, ಡ್ರೈವ್ ಹಂಚಿಕೊಳ್ಳುವ 15 ಜಿಬಿಯ ಲೆಕ್ಕಕ್ಕೆ ಸೇರಿದವು. ಮೈಕ್ರೋಸಾಫ್ಟ್ ಕೂಡ ಒನ್‌ಡ್ರೈವ್‌ನ ಉಚಿತ ಜಾಗವನ್ನು 15 ಜಿಬಿಯಿಂದ 5ಕ್ಕೆ ಇಳಿಸಿತ್ತು. ಆಪಲ್ ಇಳಿಸಲಿಲ್ಲ, ನಿಜ. 2011ರ 5 ಜಿಬಿಯನ್ನು ಏರಿಸಲೂ ಇಲ್ಲ. ಫೋನ್ ಕ್ಯಾಮೆರಾಗಳು ಈ ನಡುವೆ 4ಕೆ ವಿಡಿಯೋಗೆ ಬಂದು ನಿಂತಿವೆ.

ಬೀಗದ ಕೈ ಯಾರಲ್ಲಿರಬೇಕು ಎಂಬ ಪ್ರಶ್ನೆ ತಡವಾಗಿ ಎದ್ದಿತು. 2022ರ ಡಿಸೆಂಬರಿನಲ್ಲಿ ಆಪಲ್ ಐಕ್ಲೌಡಿನ ಫೋಟೋ, ಬ್ಯಾಕಪ್‌ಗಳನ್ನು ತನಗೂ ಓದಲಾಗದಂತೆ ಗೂಢಲಿಪಿಯಲ್ಲಿಡುವ ಆಯ್ಕೆ ಕೊಟ್ಟಿತು. 2025ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಹೊಸ ಬಳಕೆದಾರರಿಗೆ ಅದನ್ನು ನಿಲ್ಲಿಸಿತು. ಆ ಗೂಢಲಿಪಿಯನ್ನು ದಾಟಿ ಓದಲು ಅಲ್ಲಿನ ಸರ್ಕಾರ ಒಳದಾರಿ ಕೇಳಿದೆಯೆಂಬ ವರದಿಗಳು ಆಗಷ್ಟೇ ಬಂದಿದ್ದವು.