ಐರಿಷ್ ಪಾಸ್‌ಪೋರ್ಟ್: ಹಳಬರಿಗೆ ಹತ್ತು ದಿನ, ಹೊಸಬರಿಗೆ ಕಾಯುವ ಸರದಿ

ಒಂದೇ ಬೀದಿಯ ಎರಡು ಮನೆಗಳನ್ನು ನೆನೆಯಿರಿ. ಒಂದು ಮನೆಯವರು ಆನ್‌ಲೈನಿನಲ್ಲಿ ಅರ್ಜಿ ಹಾಕಿ, 75 ಯೂರೊ ಕಟ್ಟಿ, ಮೊಬೈಲಿನಲ್ಲಿ ತೆಗೆದ ಫೋಟೊ ಸೇರಿಸುತ್ತಾರೆ. ಹಳೆಯದರ ಬದಲಿಗೆ ಹೊಸ ಪಾಸ್‌ಪೋರ್ಟ್ ಕೆಲವೇ ದಿನಗಳಲ್ಲಿ ಅಂಚೆಯಲ್ಲಿ ಬರುತ್ತದೆ. ಪಕ್ಕದ ಮನೆಯವರು ತಮ್ಮ ಎಳೆಗೂಸಿಗೆ ಹಾಕಿದ ಮೊದಲ ಅರ್ಜಿ ಎಲ್ಲಿಗೆ ಬಂತು ಎಂದು ದಿನಾ ಬೆಳಿಗ್ಗೆ ಟ್ರ್ಯಾಕಿಂಗ್ ಪುಟ ತೆರೆದು ನೋಡುತ್ತಾರೆ. ಅಲ್ಲಿ ತೋರಿಸುವ ಅಂದಾಜು ದಿನಾಂಕ ಮತ್ತೆ ಮುಂದಕ್ಕೆ ಹೋಗಿರುತ್ತದೆ. ಬೇಸಿಗೆ ರಜೆಗೆ ಬೆಂಗಳೂರಿನ ಟಿಕೆಟ್ ಮಾತ್ರ ಆಗಲೇ ಬುಕ್ ಆಗಿರುತ್ತದೆ.

ಐರ್ಲೆಂಡಿನಲ್ಲಿ ಪಾಸ್‌ಪೋರ್ಟ್ ತಡವಾದ ಮಾತು ಬಂದರೆ ಕೆಲವರು ಬ್ರೆಕ್ಸಿಟ್ (ಬ್ರಿಟನ್ ಯುರೋಪ್ ಒಕ್ಕೂಟ ಬಿಟ್ಟದ್ದು) ಕಡೆ ಕೈ ತೋರಿಸುತ್ತಾರೆ, ಕೆಲವರು ಕೋವಿಡ್ ಕಡೆ. ಎರಡೂ ನಿಜವೇ. ಆದರೆ ಅಷ್ಟರಿಂದಲೇ ಈ ಗೋಜಲು ಬಿಡಿಸಿಕೊಳ್ಳುವುದಿಲ್ಲ. ಈ ಪಾಸ್‌ಪೋರ್ಟಿಗೆ ಯಾರು ಹಕ್ಕುದಾರರು ಎಂಬ ಉತ್ತರ ನೂರು ವರ್ಷಗಳಲ್ಲಿ ಹಲವು ಸಲ ಬದಲಾಗಿದೆ. ಹಾಗೆ ಬದಲಾದಾಗಲೆಲ್ಲ ಹೊಸ ಬಗೆಯ ಅರ್ಜಿದಾರರು, ಹೊಸ ಬಗೆಯ ದಾಖಲೆಗಳು ಕಚೇರಿಯ ಮೇಜಿಗೆ ಬಂದಿವೆ.

ಹಳೆಯ ಕಥೆ ಚಿಕ್ಕದಾಗಿ ಹೀಗಿದೆ. 1922ರಲ್ಲಿ ಹುಟ್ಟಿದ ಐರಿಷ್ ಫ್ರೀ ಸ್ಟೇಟ್, ಎಂದರೆ ಇಂದಿನ ಐರ್ಲೆಂಡ್ ದೇಶದ ಮೊದಲ ರೂಪ, 1924ರಲ್ಲಿ ತನ್ನದೇ ಪಾಸ್‌ಪೋರ್ಟ್ ಕೊಡತೊಡಗಿತು. ಅದರಲ್ಲಿ ‘ಬ್ರಿಟಿಷ್ ಪ್ರಜೆ’ ಎಂದು ಇರಲೇಬೇಕು ಎಂದು ಲಂಡನ್ ಪಟ್ಟು ಹಿಡಿಯಿತು, ಡಬ್ಲಿನ್ ಒಪ್ಪಲಿಲ್ಲ. ಈ ಜಗಳ ತಣ್ಣಗಾಗಲು 1930 ಬರಬೇಕಾಯಿತು. 1937ರಲ್ಲಿ ಸಂವಿಧಾನ, 1949ರಲ್ಲಿ ಗಣರಾಜ್ಯ, 1973ರಲ್ಲಿ ಯುರೋಪಿನ ಒಕ್ಕೂಟದ ಸದಸ್ಯತ್ವ ಬಂದವು. 1985ರಿಂದ ಇಂದಿನ ಕಡುಗೆಂಪು ರಟ್ಟು ಬಂತು.

ಇದರ ನಡುವೆ ಬಂದ 1956ರ ಪೌರತ್ವ ಕಾಯ್ದೆಯನ್ನು ಮಾತ್ರ ಸ್ವಲ್ಪ ನಿಂತು ನೋಡಬೇಕು. ಐರ್ಲೆಂಡ್ ಜನರನ್ನು ಹೊರಗೆ ಕಳಿಸಿದ ದೇಶ. 1840ರ ದಶಕದ ಮಹಾಕ್ಷಾಮದಿಂದ ಹಿಡಿದು 1950ರ ದಶಕದ ನಿರುದ್ಯೋಗದವರೆಗೆ ಹಡಗು ಹತ್ತಿ ಬ್ರಿಟನ್, ಅಮೆರಿಕ ಸೇರಿದವರ ಮಕ್ಕಳು ಮೊಮ್ಮಕ್ಕಳನ್ನು ಕೈಬಿಡಬಾರದು ಎಂಬ ಕಾಳಜಿ ಕಾನೂನಿನಲ್ಲೇ ಬೆರೆತಿದೆ. ಅಪ್ಪನೋ ಅಮ್ಮನೋ ಐರ್ಲೆಂಡ್ ದ್ವೀಪದಲ್ಲಿ ಹುಟ್ಟಿದ ಐರಿಷ್ ಪ್ರಜೆಯಾಗಿದ್ದರೆ ಮಗು ತಾನಾಗಿಯೇ ಐರಿಷ್. ಅಜ್ಜ ಅಥವಾ ಅಜ್ಜಿ ಅಲ್ಲಿ ಹುಟ್ಟಿದ್ದರೆ ಮೊಮ್ಮಗ ಮೊದಲು ವಿದೇಶಿ ಜನನ ನೋಂದಣಿ ಪುಸ್ತಕದಲ್ಲಿ ಹೆಸರು ಸೇರಿಸಬೇಕು, ಆಮೇಲೆ ಪಾಸ್‌ಪೋರ್ಟಿಗೆ ಅರ್ಜಿ ಹಾಕಬೇಕು. ಹೀಗೆ, ಐವತ್ತು ಲಕ್ಷದ ಆಸುಪಾಸು ಜನಸಂಖ್ಯೆಯ ದೇಶದ ಪಾಸ್‌ಪೋರ್ಟಿಗೆ ಹೊರಗಿರುವ ಹಕ್ಕುದಾರರೂ ಲಕ್ಷಗಟ್ಟಲೆ. ಅವರಲ್ಲಿ ಬಹಳ ಮಂದಿ ದಶಕಗಳ ಕಾಲ ಅರ್ಜಿ ಹಾಕುವ ಗೋಜಿಗೇ ಹೋಗಲಿಲ್ಲ. ಬ್ರಿಟಿಷ್ ಪಾಸ್‌ಪೋರ್ಟಿನಲ್ಲೇ ಯುರೋಪೆಲ್ಲ ಸುತ್ತಬಹುದಾಗಿದ್ದಾಗ ಎರಡನೆಯದು ಯಾಕೆ ಬೇಕಿತ್ತು?

ಬ್ರಿಟನ್ನಿನ ಆಡಳಿತದಲ್ಲಿರುವ ಉತ್ತರ ಐರ್ಲೆಂಡಿನ ಶಾಂತಿಗಾಗಿ ಆದ 1998ರ ಗುಡ್ ಫ್ರೈಡೆ ಒಪ್ಪಂದ, ಅಲ್ಲಿನ ಜನ ತಮ್ಮನ್ನು ಐರಿಷ್ ಎಂದೋ ಬ್ರಿಟಿಷ್ ಎಂದೋ ಎರಡೂ ಎಂದೋ ಗುರುತಿಸಿಕೊಳ್ಳುವುದನ್ನು ಜನ್ಮಸಿದ್ಧ ಹಕ್ಕು ಎಂದು ಒಪ್ಪಿತು. ಅದರ ಬೆನ್ನಿಗೇ ದ್ವೀಪದಲ್ಲಿ ಹುಟ್ಟಿದವರ ಪೌರತ್ವ ಸಂವಿಧಾನಕ್ಕೆ ಸೇರಿತು. ಆರು ವರ್ಷ ಕಳೆಯುವಷ್ಟರಲ್ಲಿ, 2004ರ ಜೂನಿನಲ್ಲಿ, ಜನಮತಗಣನೆ ನಡೆದು ಸುಮಾರು ಶೇ. 79 ಮತದಾರರು ಆ ಬಾಗಿಲನ್ನು ಕಿರಿದುಗೊಳಿಸಲು ಒಪ್ಪಿದರು. 2005ರ ಜನವರಿ 1ರಿಂದ, ವಿದೇಶಿ ತಂದೆತಾಯಿಗೆ ಅಲ್ಲಿ ಹುಟ್ಟಿದ ಮಗು ಐರಿಷ್ ಪ್ರಜೆಯಾಗಬೇಕಾದರೆ ಇಬ್ಬರಲ್ಲಿ ಒಬ್ಬರಾದರೂ ಹಿಂದಿನ ನಾಲ್ಕು ವರ್ಷಗಳಲ್ಲಿ ಮೂರು ವರ್ಷ ಕಾನೂನುಬದ್ಧವಾಗಿ ಅಲ್ಲಿ ವಾಸವಾಗಿರಬೇಕು. ವಿದ್ಯಾರ್ಥಿಯಾಗಿ ಕಳೆದ ಕಾಲ ಈ ಲೆಕ್ಕಕ್ಕೆ ಬರುವುದಿಲ್ಲ.

ಚರ್ಚೆಯೆಲ್ಲ ಪೌರತ್ವದ ಬಗ್ಗೆಯೇ ನಡೆಯಿತು. ಅದರಿಂದ ಕಚೇರಿಗೆ ಬಿದ್ದ ಕೆಲಸದ ಬಗ್ಗೆ ಮಾತಾಡಿದವರು ಕಡಿಮೆ. ಅಲ್ಲಿಯವರೆಗೆ ಜನನ ಪ್ರಮಾಣಪತ್ರವೇ ಸಾಕಾಗಿದ್ದ ಜಾಗದಲ್ಲಿ ಈಗ ಪಾಲಕರ ಮೂರು ವರ್ಷಗಳ ಬದುಕನ್ನು ಕಾಗದದಲ್ಲಿ ಅಳೆಯಬೇಕಾಯಿತು. ಅವರ ಪಾಸ್‌ಪೋರ್ಟಿನ ಮುದ್ರೆಗಳು, ವಾಸದ ಅನುಮತಿಯ ಕಾರ್ಡುಗಳು ಎಲ್ಲವನ್ನೂ ಒಬ್ಬ ಗುಮಾಸ್ತ ಕೂತು ದಿನಾಂಕಕ್ಕೆ ದಿನಾಂಕ ತಾಳೆ ಹಾಕಬೇಕು. ಅನುಮತಿ ನವೀಕರಿಸುವಾಗ ನಡುವೆ ಕೆಲವು ವಾರ ಬಿಟ್ಟುಹೋಗಿದ್ದರೆ ಅದೂ ಪ್ರಶ್ನೆಯಾಗುತ್ತದೆ. ಕಂಪ್ಯೂಟರ್ ಮಾಡಿ ಮುಗಿಸುವ ಕೆಲಸ ಇದಲ್ಲ.

ಸಾಲು ನಿಲ್ಲುವುದು ಬ್ರೆಕ್ಸಿಟ್ಟಿಗಿಂತ ಮುಂಚೆಯೂ ಇತ್ತು. 2010ರಲ್ಲಿ ಸಂಬಳ ಕಡಿತ ವಿರೋಧಿಸಿ ಸರ್ಕಾರಿ ನೌಕರರು ನಿಯಮದಷ್ಟೇ ಕೆಲಸ ಮಾಡಲು ಶುರುಮಾಡಿದಾಗ ಡಬ್ಲಿನ್ನಿನ ಮೋಲ್ಸ್‌ವರ್ತ್ ಬೀದಿಯ ಕಚೇರಿಯ ಮುಂದೆ ಜನ ರಸ್ತೆಯವರೆಗೆ ನಿಂತಿದ್ದರು. ವಿವಾದ ಬಗೆಹರಿಯಿತು, ಸಾಲು ಕರಗಿತು. ಅದರೊಂದಿಗೆ ಕಚೇರಿಯ ಬಲ ಹೆಚ್ಚಿಸುವ ಮಾತೂ ತಣ್ಣಗಾಯಿತು.

2016ರ ಜೂನ್ 23ರಂದು ಬ್ರಿಟನ್ ಯುರೋಪ್ ಒಕ್ಕೂಟ ಬಿಡಲು ಮತ ಹಾಕಿತು. ಅದಾದ ಕೆಲವೇ ದಿನಗಳಲ್ಲಿ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿನ ಅಂಚೆ ಕಚೇರಿಗಳಲ್ಲಿ ಐರಿಷ್ ಪಾಸ್‌ಪೋರ್ಟ್ ಅರ್ಜಿ ನಮೂನೆಗಳೇ ಖಾಲಿಯಾದವು. ಬ್ರಿಟನ್ ಇನ್ನೂ ಒಕ್ಕೂಟದಲ್ಲೇ ಇದೆ, ಅವಸರ ಬೇಡ ಎಂದು ಐರಿಷ್ ವಿದೇಶಾಂಗ ಸಚಿವರು ಕೇಳಿಕೊಳ್ಳಬೇಕಾಯಿತು. ಆದರೆ ಜನರ ಲೆಕ್ಕಾಚಾರ ಸರಿಯಾಗಿಯೇ ಇತ್ತು. ಯುರೋಪಿನಲ್ಲಿ ಓಡಾಡುವ, ದುಡಿಯುವ, ಓದುವ ಹಕ್ಕು ಕೈತಪ್ಪುವ ಮುಂಚೆ ಅಜ್ಜಿಯ ಜನನ ಪತ್ರ ಹುಡುಕಿಸಲು ಲಿವರ್‌ಪೂಲ್, ಗ್ಲಾಸ್ಗೊ, ಲಂಡನ್ನಿನ ಸಾವಿರಾರು ಮನೆಗಳು ಹೊರಟವು. 2016ರಲ್ಲಿ 7.3 ಲಕ್ಷದಷ್ಟಿದ್ದ ಅರ್ಜಿಗಳು 2018ರ ಹೊತ್ತಿಗೆ 8.2 ಲಕ್ಷ ದಾಟಿದವು. 2022ರಲ್ಲಿ ಹತ್ತು ಲಕ್ಷವನ್ನೂ ಮೀರಿದವು.

ಈ ಪ್ರವಾಹಕ್ಕೆ ಸರ್ಕಾರ ಕೊಟ್ಟ ದೊಡ್ಡ ಉತ್ತರ ಆನ್‌ಲೈನ್ ಸೇವೆ. 2017ರ ಮಾರ್ಚಿನಲ್ಲಿ ವಯಸ್ಕರ ನವೀಕರಣಕ್ಕೆ ಶುರುವಾದದ್ದು ಕ್ರಮೇಣ ಮಕ್ಕಳಿಗೆ, ಆಮೇಲೆ ಮೊದಲ ಸಲ ಅರ್ಜಿ ಹಾಕುವವರಿಗೂ ವಿಸ್ತರಿಸಿತು. ನವೀಕರಣದ ಮಟ್ಟಿಗೆ ಇದು ನಿಜಕ್ಕೂ ಒಳ್ಳೆಯ ಕೆಲಸ, ಮೆಚ್ಚಲೇಬೇಕು. ಸಾಕ್ಷಿ ಬೇಡ, ಅಂಚೆ ಬೇಡ, ಹತ್ತು ಕೆಲಸದ ದಿನಗಳು ಎಂದು ಹೇಳಿ ಅದಕ್ಕಿಂತ ಮುಂಚೆಯೇ ಕಳಿಸುವುದೂ ಉಂಟು.

ಮೊದಲ ಪಾಸ್‌ಪೋರ್ಟಿನ ಮಾತು ಬೇರೆ. ಅರ್ಜಿ ಆನ್‌ಲೈನಿನಲ್ಲಿ ತುಂಬಿದರೂ ಉಳಿದದ್ದೆಲ್ಲ ಕಾಗದ. ಎಳೆಗೂಸಿನ ಉದಾಹರಣೆಯನ್ನೇ ನೋಡಿ. ಫೋಟೊದಲ್ಲಿ ಮಗುವಿನ ಕಣ್ಣು ತೆರೆದಿರಬೇಕು, ಹಿನ್ನೆಲೆ ತಿಳಿಬಣ್ಣದ್ದಾಗಿರಬೇಕು, ಎತ್ತಿ ಹಿಡಿದವರ ಕೈಬೆರಳೂ ಕಾಣಬಾರದು. ಕುತ್ತಿಗೆ ನಿಲ್ಲದ ಕೂಸನ್ನು ಬಿಳಿ ದುಪ್ಪಟಿಯ ಮೇಲೆ ಅಂಗಾತ ಮಲಗಿಸಿ, ತಾಯಿ ಗಿಲಕಿ ಆಡಿಸುತ್ತ, ತಂದೆ ಮೇಲೆ ಬಾಗಿ ಫೋಟೊ ಹೊಡೆಯಬೇಕು. ಆಮೇಲೆ ಗುರುತು ಮತ್ತು ಒಪ್ಪಿಗೆಯ ನಮೂನೆಯನ್ನು ಪ್ರಿಂಟ್ ತೆಗೆದು, ಪಾಲಕರು ಸಾಕ್ಷಿಯ ಎದುರಲ್ಲೇ ಸಹಿ ಹಾಕಬೇಕು. ಸಾಕ್ಷಿ ಯಾರೆಂದರೆ ಪೊಲೀಸ್, ವಕೀಲ, ವೈದ್ಯ, ಶಿಕ್ಷಕ, ಪಾದ್ರಿ ಇಂಥ ಪಟ್ಟಿಯಲ್ಲಿರುವವರು ಮಾತ್ರ, ನೆಂಟರು ಆಗುವಂತಿಲ್ಲ. ಕಚೇರಿಯವರು ಆ ಸಾಕ್ಷಿಯನ್ನು ಫೋನಿನಲ್ಲಿ ವಿಚಾರಿಸಬಹುದು. ವೈದ್ಯರು ರೋಗಿಗಳ ನಡುವೆ ಇದ್ದು ಫೋನ್ ಎತ್ತದಿದ್ದರೆ, ಶಾಲೆಗೆ ರಜೆ ಇದ್ದರೆ, ಅರ್ಜಿ ಅಲ್ಲೇ ಕೂರುತ್ತದೆ. ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ದಿನ ಎಣಿಸುವುದರಲ್ಲಿ. ಮೊದಲ ಅರ್ಜಿಗೆ ಕಚೇರಿ ಹೇಳುವ ಇಪ್ಪತ್ತು ಕೆಲಸದ ದಿನ ಎಂಬುದು ದುಡ್ಡು ಕಟ್ಟಿದ ದಿನದಿಂದ ಅಲ್ಲ, ದಾಖಲೆಗಳು ಕಚೇರಿಗೆ ತಲುಪಿದ ದಿನದಿಂದ ಶುರು. ಒಂದು ದಾಖಲೆ ಕಡಿಮೆ ಬಿದ್ದರೆ ಇನ್ನೂ ಕೆಲವು ವಾರ ಹಿಡಿಯುತ್ತದೆ.

ಕೋವಿಡ್ ಈ ವ್ಯತ್ಯಾಸವನ್ನು ಎಲ್ಲರ ಕಣ್ಣಿಗೆ ತಂದಿತು. 2021ರ ಆರಂಭದ ಕಠಿಣ ಲಾಕ್‌ಡೌನಿನಲ್ಲಿ ತುರ್ತು ಪ್ರಕರಣ ಬಿಟ್ಟರೆ ಪಾಸ್‌ಪೋರ್ಟ್ ಕೆಲಸ ನಿಂತಿತ್ತು. ಮೇ ತಿಂಗಳಲ್ಲಿ ಮತ್ತೆ ಶುರುವಾಯಿತು. ವಿದೇಶಿ ಜನನ ನೋಂದಣಿಯಂತೂ ಇನ್ನಷ್ಟು ಕಾಲ ಮುಚ್ಚಿತ್ತು, ಅಲ್ಲಿ ಕಾಯುವ ಅವಧಿ ಎರಡು ವರ್ಷಕ್ಕೆ ಮುಟ್ಟಿತು. ವಿಮಾನಗಳು ಹಾರಲು ಶುರುವಾದ 2022ರಲ್ಲಿ ಎರಡು ವರ್ಷದ ಅರ್ಜಿಗಳು ಒಟ್ಟಿಗೆ ಬಂದು ಬಿದ್ದವು. ಮೊದಲ ಅರ್ಜಿಗೆ ಆಗ ಹೇಳುತ್ತಿದ್ದ ಗಡುವು ನಲವತ್ತು ಕೆಲಸದ ದಿನ, ಎಂದರೆ ಸುಮಾರು ಎರಡು ತಿಂಗಳು. ಸಂಸತ್ ಸದಸ್ಯರ ಕಚೇರಿಗಳಿಗೆ ಬರುತ್ತಿದ್ದ ಕರೆಗಳಲ್ಲಿ ಪಾಸ್‌ಪೋರ್ಟಿನದೇ ದೊಡ್ಡ ಪಾಲಾಯಿತು. ಜನ ತಮ್ಮ ಹಕ್ಕಿನ ಕಾಗದಕ್ಕೆ ರಾಜಕಾರಣಿಯ ಶಿಫಾರಸು ಹುಡುಕುವಂತಾದದ್ದು ಯಾವ ದೇಶಕ್ಕೂ ಶೋಭೆ ತರುವುದಿಲ್ಲ. ಸಿಬ್ಬಂದಿ ಹೆಚ್ಚಿಸಿದ ಮೇಲೆ ಗಡುವು ಇಪ್ಪತ್ತು ದಿನಕ್ಕೆ ಇಳಿಯಿತು. ಒಂದು ನಿಯಮ ಮಾತ್ರ ಹಾಗೇ ಉಳಿಯಿತು: ಹೆಚ್ಚು ಶುಲ್ಕ ಕಟ್ಟಿ ಬೇಗ ಪಡೆಯುವ ತುರ್ತು ಅಪಾಯಿಂಟ್‌ಮೆಂಟ್ ಡಬ್ಲಿನ್, ಕಾರ್ಕ್ ಕಚೇರಿಗಳಲ್ಲಿ ಇದ್ದರೂ ಅದು ನವೀಕರಣಕ್ಕೆ ಮಾತ್ರ. ಮೊದಲ ಸಲದವರಿಗೆ ಆ ಬಾಗಿಲು ಇಲ್ಲ.

ಐರ್ಲೆಂಡಿನಲ್ಲಿರುವ ನಮ್ಮವರಿಗೆ ಇದು ಬಿಸಿ ಮುಟ್ಟಿಸುವುದು ಭಾರತದ ಕಾನೂನು ಇದರ ಜೊತೆ ಸೇರಿದಾಗ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಐರ್ಲೆಂಡಿನಲ್ಲಿ ಹುಟ್ಟಿದ ಮಗುವನ್ನು ಭಾರತೀಯ ಪ್ರಜೆಯಾಗಿಸಬೇಕಾದರೆ ಒಂದು ವರ್ಷದೊಳಗೆ ರಾಯಭಾರ ಕಚೇರಿಯಲ್ಲಿ ಜನನ ನೋಂದಾಯಿಸಬೇಕು, ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ಬರೆದುಕೊಡಬೇಕು. ಐರಿಷ್ ಪಾಸ್‌ಪೋರ್ಟ್ ಮಾಡಿಸಿದರೆ ಆ ದಾರಿ ಮುಚ್ಚಿತು. ಮತ್ತೆ ಅಜ್ಜ-ಅಜ್ಜಿಗೆ ಮೊಮ್ಮಗುವನ್ನು ತೋರಿಸಲು ಮೈಸೂರಿಗೋ ಹುಬ್ಬಳ್ಳಿಗೋ ಬರಬೇಕಾದರೆ ಮೊದಲು ಪಾಸ್‌ಪೋರ್ಟ್ ಕೈಗೆ ಬರಬೇಕು, ಆಮೇಲೆ ಅದರ ಸಂಖ್ಯೆ ಹಾಕಿ ಒಸಿಐ ಕಾರ್ಡಿಗೋ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಕಾರ್ಡ್) ಇ-ವೀಸಾಕ್ಕೋ ಅರ್ಜಿ ಹಾಕಬೇಕು. ಎರಡನ್ನೂ ಜೊತೆಜೊತೆಗೆ ಮಾಡಿಸುವ ಹಾಗಿಲ್ಲ. ಯುರೋಪಿನೊಳಗೆ ನಡೆಯುವ ಪಾಸ್‌ಪೋರ್ಟ್ ಕಾರ್ಡ್ ಭಾರತದ ಪ್ರಯಾಣಕ್ಕೆ ಬಾರದು.

ದೊಡ್ಡವರ ಕಥೆ ಇನ್ನೂ ಸೂಕ್ಷ್ಮ. 2011ರಿಂದ ಐರ್ಲೆಂಡ್ ಹೊಸ ಪ್ರಜೆಗಳಿಗೆ ಸಮಾರಂಭ ನಡೆಸಿ ಪ್ರಮಾಣ ಬೋಧಿಸುತ್ತದೆ. ಅಲ್ಲಿ ಪೌರತ್ವ ಪಡೆಯುವವರಲ್ಲಿ ಇತ್ತೀಚಿನ ವರ್ಷಗಳಲ್ಲಿ ಭಾರತೀಯರು ಮುಂಚೂಣಿಯಲ್ಲಿದ್ದಾರೆ. ಐಟಿಯವರು, ನರ್ಸುಗಳು, ಅವರಲ್ಲಿ ಕನ್ನಡಿಗರೂ ಇದ್ದಾರೆ. ಪ್ರಮಾಣ ಮಾಡಿದ ಆ ದಿನವೇ ಭಾರತದ ಪೌರತ್ವ ಹೋಗುತ್ತದೆ, ಹಳೆಯ ಪಾಸ್‌ಪೋರ್ಟಿನಲ್ಲಿ ಪ್ರಯಾಣ ಮಾಡಿದರೆ ತಪ್ಪಾಗುತ್ತದೆ. ಇತ್ತ ವಾಸದ ಐಆರ್‌ಪಿ ಕಾರ್ಡನ್ನೂ ಮರಳಿಸಬೇಕು. ಹೊಸ ಪಾಸ್‌ಪೋರ್ಟ್ ಬರುವವರೆಗಿನ ವಾರಗಳಲ್ಲಿ ಅವರು ಒಂದು ದೇಶದ ಪೂರ್ಣ ಪ್ರಜೆಗಳೇ, ಆದರೆ ವಿಮಾನ ಹತ್ತಲು ಕೈಯಲ್ಲಿ ಕಾಗದ ಇರುವುದಿಲ್ಲ. ಊರಲ್ಲಿ ಹೆತ್ತವರ ಜೀವಕ್ಕೆ ಬಂದರೆ ತುರ್ತು ಪ್ರಯಾಣ ದಾಖಲೆಗೆ ಬೇಡಿಕೊಳ್ಳುವ ದಾರಿ ಇದೆ, ಅದರ ಮೇಲೆ ಭಾರತದ ವೀಸಾ ಬೇರೆ ಸಿಗಬೇಕು. ಆ ಹೊತ್ತಿನಲ್ಲಿ ಎರಡು ಸರ್ಕಾರಗಳ ಮುಂದೆ ದಾಖಲೆ ಹೊಂದಿಸುವುದು ಯಾರಿಗೂ ಬರಬಾರದ ಕಷ್ಟ. ಸಮಾರಂಭದ ದಿನವೇ ಪಾಸ್‌ಪೋರ್ಟ್ ಅರ್ಜಿಗೂ ಒಂದು ಮೇಜು ಹಾಕಿದ್ದರೆ ಈ ಅಂತರ ಎಷ್ಟೋ ಕಿರಿದಾಗುತ್ತಿತ್ತು.

ಮುಂದಿನ ಒತ್ತಡ ಯಾವಾಗ ಎಂಬುದು ಕ್ಯಾಲೆಂಡರಿನಲ್ಲೇ ಇದೆ. ಬ್ರೆಕ್ಸಿಟ್ಟಿನ ಅವಸರದಲ್ಲಿ 2016-17ರಲ್ಲಿ ಪಡೆದ ಹತ್ತು ವರ್ಷದ ಪಾಸ್‌ಪೋರ್ಟುಗಳು 2026-27ರಲ್ಲಿ ಮುಗಿಯುತ್ತವೆ. ಲಾಕ್‌ಡೌನ್ ಸಡಿಲವಾದ ಮೇಲೆ 2021-22ರಲ್ಲಿ ಮಕ್ಕಳಿಗೆ ಮಾಡಿಸಿದ ಐದು ವರ್ಷದವೂ ಅದೇ ಹೊತ್ತಿಗೆ ಮುಗಿಯುತ್ತವೆ. ವಯಸ್ಕರದು ಬಹುತೇಕ ಆನ್‌ಲೈನಿನಲ್ಲಿ ಸಲೀಸಾಗಿ ಸಾಗಬೇಕು. ಮಕ್ಕಳ ನವೀಕರಣಕ್ಕೆ ಮಾತ್ರ ಪಾಲಕರೆಲ್ಲರ ಒಪ್ಪಿಗೆ, ಸಾಕ್ಷಿಯ ಸಹಿ ಮತ್ತೆ ಬೇಕು, ಗಡುವೂ ಹದಿನೈದು ಕೆಲಸದ ದಿನ. ಹೊಸ ಪಾಸ್‌ಪೋರ್ಟ್ ಬಂದ ಮೇಲೆ ಒಸಿಐ ಇರುವ ಮಕ್ಕಳಾದರೆ ಒಸಿಐ ಪೋರ್ಟಲಿನಲ್ಲಿ ಅದರ ಪ್ರತಿ, ಹೊಸ ಫೋಟೊ ಏರಿಸಬೇಕು. ಇ-ವೀಸಾದಲ್ಲಿ ಬರುವವರ ಪಾಸ್‌ಪೋರ್ಟಿಗೆ ಭಾರತ ತಲುಪುವ ದಿನದಿಂದ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಹಾಗಾಗಿ ಜೂನ್-ಜುಲೈ ರಜೆಗೆ ಊರಿಗೆ ಹೊರಡುವವರು ಮಕ್ಕಳ ಪಾಸ್‌ಪೋರ್ಟಿನ ಕೊನೆಯ ದಿನಾಂಕವನ್ನು ಜನವರಿಯಲ್ಲೇ ತೆಗೆದು ನೋಡಿ, ಸಾಕ್ಷಿಗೆ ಸಹಿ ಹಾಕುವವರು ಯಾರು ಎಂಬುದನ್ನೂ ಆಗಲೇ ಮಾತಾಡಿಟ್ಟುಕೊಳ್ಳುವುದು ಒಳಿತು. ಟಿಕೆಟ್ ಆಮೇಲೆ.